ನೆಟ್ ಸ್ಲೋ ಅಂದ್ರೆ ಎಲ್ಲಿ ಸ್ಲೋ? ಮನೆಯಲ್ಲೇ ಅಳೆದು ನೋಡಿ

ಪ್ಲ್ಯಾನ್ 200 ಎಂಬಿಪಿಎಸ್‌ನದು. ಮಲಗುವ ಕೋಣೆಯಲ್ಲಿ ಫೋನ್ ತೆಗೆದು ಸ್ಪೀಡ್ ಟೆಸ್ಟ್ ಮಾಡಿದರೆ ಬರುವುದು 35. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ‘ನಮ್ಮ ಕಡೆ ಎಲ್ಲ ಸರಿ ಇದೆ ಸರ್, ರೂಟರ್ ಆಫ್ ಮಾಡಿ ಆನ್ ಮಾಡಿ’ ಎಂಬ ಉತ್ತರ. ಬಹಳ ಸಲ ಇಬ್ಬರು ಹೇಳುವುದೂ ನಿಜವೇ ಆಗಿರುತ್ತದೆ. ರೂಟರ್ ತನಕ 200 ಬಂದಿರುತ್ತದೆ, ಅಲ್ಲಿಂದ ಮಂಚದ ತನಕ ಬರುವಷ್ಟರಲ್ಲಿ ಕರಗಿರುತ್ತದೆ.

ಹಾಗಾಗಿ ಮೊದಲು ಕೇಬಲ್ ಹಾಕಿ ಅಳೆಯಿರಿ, ಆಮೇಲೆ ವೈಫೈ. ಈ ಕ್ರಮ ತಪ್ಪಿದರೆ ಎಷ್ಟು ಸಲ ಟೆಸ್ಟ್ ಮಾಡಿದರೂ ತೊಂದರೆ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ.

ಒಂದು ಲೆಕ್ಕ ಮೊದಲೇ ತಿಳಿದಿರಲಿ. ಪ್ಲ್ಯಾನಿನಲ್ಲಿ ಹೇಳುವ ವೇಗ ಮೆಗಾಬಿಟ್‌ನಲ್ಲಿ ಇರುತ್ತದೆ, ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅಂತ. ಫೈಲ್ ಡೌನ್‌ಲೋಡ್ ಆಗುವಾಗ ಕಾಣುವುದು ಸಾಮಾನ್ಯವಾಗಿ ಮೆಗಾಬೈಟ್‌ನಲ್ಲಿ. ಒಂದು ಬೈಟ್‌ಗೆ 8 ಬಿಟ್. ಅಂದರೆ 200 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ 25 ಮೆಗಾಬೈಟ್ ಬಂದರೆ ಪೂರ್ತಿ ಬಂದ ಹಾಗೆ.

ಅಳೆಯುವ ಮುಂಚೆ

ಮನೆಯಲ್ಲಿ ಯಾರೂ ನೆಟ್ ಬಳಸದ ಹೊತ್ತು ನೋಡಿಕೊಳ್ಳಿ. ಟಿವಿ ಆಫ್ ಇರಲಿ. ಫೋಟೊ ಬ್ಯಾಕಪ್, ವಿಂಡೋಸ್ ಅಪ್‌ಡೇಟ್ ನಿಲ್ಲಿಸಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ವಿಪಿಎನ್ (ಆಫೀಸಿನ ನೆಟ್‌ವರ್ಕ್ ಮೂಲಕ ಸುತ್ತಿಸುವ ಸಂಪರ್ಕ) ಆಫ್ ಮಾಡಿ. ತಿಂಗಳ ಡೇಟಾ ಮಿತಿ ಮುಗಿದು ವೇಗ ಇಳಿದಿದೆಯಾ ಅಂತಲೂ ಕಂಪನಿಯ ಆ್ಯಪ್‌ನಲ್ಲಿ ನೋಡಿಬಿಡಿ. ಅದೇ ಕಾರಣವಾಗಿದ್ದರೆ ಮುಂದಿನದೆಲ್ಲ ಸುಮ್ನೆ ಶ್ರಮ.

ಕೇಬಲ್ ಹಾಕಿ

ರೂಟರ್ ಹಿಂದಿರುವ ಲ್ಯಾನ್ ಪೋರ್ಟ್‌ನಿಂದ (ನೆಟ್ ಕೇಬಲ್ ಚುಚ್ಚುವ ಕಿಂಡಿ) ಲ್ಯಾಪ್‌ಟಾಪ್‌ಗೆ ಕೇಬಲ್ ಚುಚ್ಚಿ. ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ. ಎಷ್ಟೋ ಜನ ಇದನ್ನು ಮರೆತು ವೈಫೈನದೇ ವೇಗ ಅಳೆದುಕೊಂಡು ಕೂರುತ್ತಾರೆ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್ ಬೇಕು. ಗಿಗಾಬಿಟ್ (ಅಂದರೆ 1000 ಎಂಬಿಪಿಎಸ್) ಅಂತ ಬರೆದಿರುವುದನ್ನೇ ಕೊಳ್ಳಿ.

ಟೆಸ್ಟ್ ಒತ್ತುವ ಮುಂಚೆ ಇನ್ನೊಂದು ಕೆಲಸ ಇದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅದರಲ್ಲಿ ನೆಟ್‌ವರ್ಕ್ ಆಂಡ್ ಇಂಟರ್ನೆಟ್, ಅದರಲ್ಲಿ ಈಥರ್ನೆಟ್ ತೆರೆಯಿರಿ. ಲಿಂಕ್ ಸ್ಪೀಡ್ ಅಂತ ಒಂದು ಸಾಲಿದೆ, ಲ್ಯಾಪ್‌ಟಾಪ್ ಮತ್ತು ರೂಟರ್ ನಡುವೆ ಹೋಗಬಲ್ಲ ಗರಿಷ್ಠ ವೇಗ ಅದು. ಅಲ್ಲಿ 1000/1000 ಇದ್ದರೆ ಸರಿ. 100/100 ಇದ್ದರೆ ನಿಮ್ಮ ಪ್ಲ್ಯಾನ್ 200 ಇರಲಿ, 500 ಇರಲಿ, ಟೆಸ್ಟ್‌ನಲ್ಲಿ 94–95 ದಾಟುವುದಿಲ್ಲ. ಉಳಿದ ಚೂರು ಡೇಟಾ ಪ್ಯಾಕೆಟ್‌ಗಳ ವಿಳಾಸ, ಲೆಕ್ಕಪತ್ರಕ್ಕೇ ಹೋಗುತ್ತದೆ. ಯಾವಾಗ ಅಳೆದರೂ 94ಕ್ಕೇ ಅಂಟಿಕೊಂಡಿದೆ ಅಂದರೆ ಬೇರೆಲ್ಲೂ ಹುಡುಕಬೇಡಿ, ಇಲ್ಲೇ ನೋಡಿ.

ಲ್ಯಾನ್ ಕೇಬಲ್ ಒಳಗೆ 8 ತಂತಿಗಳಿವೆ. 100 ಎಂಬಿಪಿಎಸ್‌ಗೆ 4 ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಆ 4 ಬಿಟ್ಟು ಉಳಿದವುಗಳಲ್ಲಿ ಒಂದು ತಂತಿ ತುಂಡಾದರೂ, ತುದಿಯ ಪ್ಲಗ್ಗಿಗೆ ಅದನ್ನು ಸರಿಯಾಗಿ ಕ್ರಿಂಪ್ ಮಾಡದಿದ್ದರೂ (ಒತ್ತಿ ಕೂರಿಸದಿದ್ದರೂ) ಸಾಮಾನ್ಯವಾಗಿ ನೆಟ್ ನಿಲ್ಲುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಅದಕ್ಕೇ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲು ಕೇಬಲ್ ಬದಲಿಸಿ ನೋಡಿ. ಕೇಬಲ್ ಮೈಮೇಲೆ ಕ್ಯಾಟ್5ಇ ಅಥವಾ ಕ್ಯಾಟ್6 ಅಂತ ಅಚ್ಚಾಗಿರಬೇಕು. ಆಮೇಲೆ ರೂಟರ್‌ನ ಬೇರೆ ಪೋರ್ಟ್‌ಗೆ ಚುಚ್ಚಿ. ಫೈಬರ್ ಕಂಪನಿಗಳು ಕೊಡುವ ಅಗ್ಗದ ಡಬ್ಬಿಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್ ಇದ್ದು, ಉಳಿದದ್ದು 100ರದ್ದಾಗಿರುವುದು ಮಾಮೂಲಿ.

ಈಗ ಟೆಸ್ಟ್. ಊಕ್ಲಾದ ಸ್ಪೀಡ್‌ಟೆಸ್ಟ್, ನೆಟ್‌ಫ್ಲಿಕ್ಸ್‌ನ ಫಾಸ್ಟ್ ಡಾಟ್ ಕಾಮ್ ಎರಡರಲ್ಲೂ ಮಾಡಿ. ಎರಡು ಬೇರೆ ಅಂಕಿ ಕೊಟ್ಟರೆ ಗಾಬರಿ ಬೇಡ. ಊಕ್ಲಾ ಹತ್ತಿರದ ಸರ್ವರ್ ಹುಡುಕಿಕೊಳ್ಳುತ್ತದೆ. ಅದು ನಿಮ್ಮ ಕಂಪನಿಯದೇ ಆಗಿದ್ದರೆ ಅಂಕಿ ಚೆಂದವಾಗೇ ಬರುತ್ತದೆ, ಅಲ್ವಾ? ಬೇರೆ ಕಂಪನಿಯ ಸರ್ವರ್ ಆರಿಸಿ ಇನ್ನೊಮ್ಮೆ ನೋಡಿ. ಪ್ರತಿ ಸಲ ಮೂರು ಬಾರಿ ಮಾಡಿ, ನಡುವಿನ ಅಂಕಿ ಬರೆದಿಡಿ. ಬೆಳಿಗ್ಗೆ ಒಮ್ಮೆ, ರಾತ್ರಿ 9ರ ಸುಮಾರಿಗೆ ಒಮ್ಮೆ. ರಾತ್ರಿ ಮಾತ್ರ ಬೀಳುತ್ತಿದ್ದರೆ ನಿಮ್ಮ ಏರಿಯಾದ ಲೈನಿನಲ್ಲೇ ರಶ್ ಇರಬಹುದು.

ಇನ್ನು ವೈಫೈ

ರೂಟರ್‌ನಿಂದ ಎರಡು ಮೂರು ಮೀಟರ್ ದೂರ ನಿಂತು ಅಳೆಯಿರಿ. ತೀರಾ ಅಂಟಿಕೊಂಡು ನಿಲ್ಲಬೇಡಿ. 2.4 ಮತ್ತು 5 ಗಿಗಾಹರ್ಟ್ಸ್ ಎಂಬ ವೈಫೈನ ಎರಡು ಬ್ಯಾಂಡ್‌ಗಳಿಗೂ (ರೇಡಿಯೊ ಅಲೆಗಳ ಪಟ್ಟಿಗಳಿಗೂ) ಒಂದೇ ಹೆಸರಿದ್ದರೆ ರೂಟರ್ ಸೆಟ್ಟಿಂಗ್‌ನಲ್ಲಿ ಬೇರೆ ಬೇರೆ ಹೆಸರು ಕೊಡಿ. ಇಲ್ಲದಿದ್ದರೆ ಫೋನ್ ಯಾವುದಕ್ಕೆ ಅಂಟಿಕೊಂಡಿದೆ ಅಂತ ತಿಳಿಯುವುದು ಕಷ್ಟ. ಆಮೇಲೆ ಅಡುಗೆಮನೆ, ಮಲಗುವ ಕೋಣೆ, ಮಹಡಿ ಹೀಗೆ ಒಂದೊಂದೇ ಕಡೆ ಹೋಗಿ.

ಫೋನ್ ತೋರಿಸುವ ಲಿಂಕ್ ಸ್ಪೀಡ್ ನೋಡಿ ಖುಷಿಪಡಬೇಡಿ. 866 ಅಂತ ತೋರಿಸಿದರೂ ನಿಜಕ್ಕೂ ಸಿಗುವುದು ಸುಮಾರು ಅರ್ಧ, ಒಳ್ಳೆ ಜಾಗದಲ್ಲಿ ಸ್ವಲ್ಪ ಜಾಸ್ತಿ. ವೈಫೈನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಅಪಾರ್ಟ್‌ಮೆಂಟ್‌ನಲ್ಲಿ ಪಕ್ಕದ ಮನೆಯ ರೂಟರ್‌ಗೂ ಇದೇ ನಿಯಮ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಸಾಲದ್ದಕ್ಕೆ ಮೈಕ್ರೋವೇವ್ ಒಲೆಯೂ ಅದೇ ಅಲೆಯಲ್ಲಿ ಗಲಾಟೆ ಮಾಡುತ್ತದೆ.

ಇಂಟರ್ನೆಟ್ ಬಿಟ್ಟು ಅಳೆಯುವುದು

ಇದು ಸ್ವಲ್ಪ ಕೈಪಳಗಿದವರಿಗೆ. ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ನಂಬಿಕೆಯ ಅಳತೆ ಇದೇ. ಐಪರ್ಫ್3 ಎಂಬ ಉಚಿತ ಪ್ರೋಗ್ರಾಂ ಬೇಕು. ಕೇಬಲ್ ಹಾಕಿದ ಲ್ಯಾಪ್‌ಟಾಪ್‌ನ ಕಮಾಂಡ್ ಕಿಂಡಿಯಲ್ಲಿ ಅದರ ಹೆಸರು ಟೈಪ್ ಮಾಡಿ, ಜಾಗ ಬಿಟ್ಟು ಅಡ್ಡಗೆರೆ (ಹೈಫನ್), ಅದಕ್ಕೆ ತಾಗಿ ಸಣ್ಣ ಎಸ್ ಅಕ್ಷರ ಹಾಕಿ ಎಂಟರ್ ಒತ್ತಿ. ಫೈರ್‌ವಾಲ್ ಕೇಳಿದರೆ ಅನುಮತಿ ಕೊಡಿ. ಇನ್ನೊಂದು ಲ್ಯಾಪ್‌ಟಾಪ್‌ನಲ್ಲಿ, ಇದು ವೈಫೈನಲ್ಲಿರಲಿ, ಎಸ್ ಬದಲು ಸಣ್ಣ ಸಿ ಹಾಕಿ, ಜಾಗ ಬಿಟ್ಟು ಮುಂದೆ ಮೊದಲನೆಯದರ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದರ ಗುರುತಿನ ಸಂಖ್ಯೆ) ಬರೆಯಿರಿ. ಇದು ವೈಫೈ ಕಡೆಯಿಂದ ಕಳಿಸುವ ವೇಗ. ಕೊನೆಯಲ್ಲಿ ಅಡ್ಡಗೆರೆ ಮತ್ತು ದೊಡ್ಡ ಆರ್ ಸೇರಿಸಿದರೆ ಡೌನ್‌ಲೋಡ್ ದಿಕ್ಕಿನದು ಸಿಗುತ್ತದೆ. ಗೆಸ್ಟ್ ವೈಫೈನಲ್ಲಿ ಇದು ಸಾಮಾನ್ಯವಾಗಿ ನಡೆಯುವುದಿಲ್ಲ, ಮನೆಯ ಬೇರೆ ಸಾಧನಗಳನ್ನು ಅದು ಕಾಣಲು ಬಿಡುವುದಿಲ್ಲ.

ಇಲ್ಲಿ ಹೊರಗಿನ ಲೈನಿಗೆ ಸಂಬಂಧವೇ ಇಲ್ಲ. ಮಲಗುವ ಕೋಣೆಯಲ್ಲಿ ಇದರಲ್ಲೂ 40 ಬಂದರೆ ತೊಂದರೆ ಮನೆಯೊಳಗೇ ಇದೆ. ರೂಟರನ್ನು ಟಿವಿ ಹಿಂದಿನ ಕಪಾಟಿನಿಂದ ಈಚೆ ತಂದು ಮನೆಯ ನಡುವೆ, ಎತ್ತರದಲ್ಲಿ ಇಡಿ. ಅಷ್ಟಕ್ಕೂ ಆಗದಿದ್ದರೆ ಆ ಕೋಣೆಗೆ ಕೇಬಲ್ ಎಳೆಸಿ ಇನ್ನೊಂದು ಆ್ಯಕ್ಸೆಸ್ ಪಾಯಿಂಟ್ (ಕೇಬಲ್‌ನಿಂದ ಪಡೆದು ಅಲ್ಲೇ ವೈಫೈ ಹರಡುವ ಸಾಧನ) ಹಾಕಿಸಿ. ಕೇಬಲ್ ಇಲ್ಲದೆ ವೈಫೈಯನ್ನೇ ಮುಂದಕ್ಕೆ ದಾಟಿಸುವ ಅಗ್ಗದ ರಿಪೀಟರ್ ಅದೇ ಬ್ಯಾಂಡ್‌ನಲ್ಲಿ ಪಡೆದು ಅದರಲ್ಲೇ ಕಳಿಸುವುದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಲಿಂಕ್ ಸ್ಪೀಡ್ 1000 ಇದ್ದು, ಕೇಬಲ್‌ನಲ್ಲೇ ಪ್ಲ್ಯಾನಿನ ಅರ್ಧವೂ ಬರದಿದ್ದರೆ ಆಗ ಕಂಪನಿಗೆ ಫೋನ್ ಮಾಡಿ. ಕೇಬಲ್ ಹಾಕಿ ಅಳೆದದ್ದು ಅಂತ ಮೊದಲೇ ಹೇಳಿ, ದಿನ ಮತ್ತು ಹೊತ್ತು ಕಾಣುವ ಸ್ಕ್ರೀನ್‌ಶಾಟ್ ಕಳಿಸಿ, ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಬರೆದುಕೊಳ್ಳಿ. ಅಲ್ಲಿ ಸರಿಯಾಗದಿದ್ದರೆ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2012ರ ನಿಯಮದಂತೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಅದಕ್ಕೆ ಈ ಡಾಕೆಟ್ ನಂಬರ್ ಬೇಕಾಗುತ್ತದೆ.