ನೆರೆ ಬಂದಾಗ ಪುಟ್ಟ ಹೊಟ್ಟೆ: ತೂಕ ಇಳಿಸುವ ಆಪರೇಷನ್ ಆದವರನ್ನು ನೋಡಿಕೊಳ್ಳುವುದು ಹೇಗೆ

ಅಕ್ಕನಿಗೆ ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ತೂಕ ಇಳಿಸಲು ಹೊಟ್ಟೆಯನ್ನು ಪುಟ್ಟ ಚೀಲ ಮಾಡಿ ನೇರ ಕರುಳಿಗೆ ಜೋಡಿಸುವ ಆಪರೇಷನ್, ಆಗಿ ಐದನೇ ವಾರ ನಡೆಯುತ್ತಿತ್ತು. ಗಂಗಾವಳಿ ಹೊಳೆಯ ನೀರು ಅಂಗಳ ದಾಟಿ ಜಗಲಿಗೆ ಬಂತು. ರಾತ್ರಿ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಶಾಲೆಯ ಕಾಳಜಿ ಕೇಂದ್ರಕ್ಕೆ ಮುಟ್ಟಿಸಿದರು. ಒದ್ದೆ ಸೀರೆಯಲ್ಲಿ ನಡುಗುತ್ತಿದ್ದವಳಿಗೆ ಯಾರೋ ಪುಣ್ಯಾತ್ಮರು ಮೂರು ಚಮಚ ಸಕ್ಕರೆ ಹಾಕಿದ ಚಹಾ ಕೊಟ್ಟರು, ಇವಳು ಗಟಗಟ ಕುಡಿದಳು. ಕಾಲು ಗಂಟೆಯಲ್ಲಿ ಮೈಯೆಲ್ಲ ಬೆವರು, ಎದೆ ಡವಡವ, ಹೊಟ್ಟೆ ತಿರುಚಿ ಬೇಧಿ. ‘ಬಿಪಿ ಲೋ ಆಗಿದೆ’ ಅಂತ ಇನ್ನೊಂದು ಲೋಟ ಸಕ್ಕರೆ ನೀರು ಬಂತು. ಭಾವ ಗಾಬರಿಯಲ್ಲಿ ‘ಬೈಪಾಸ್ ಆಗಿದೆ ಇವಳಿಗೆ’ ಅಂದದ್ದೇ ತಡ, ಎಲ್ಲರೂ ಹಾರ್ಟ್ ಬೈಪಾಸ್ ಅಂದುಕೊಂಡು ಅವಳನ್ನು ಮಲಗಿಸಿ ಎದೆ ನೀವಲು ಶುರು ಮಾಡಿದರು.

ಯಾರ ತಪ್ಪೂ ಅಲ್ಲ. ಗೊತ್ತಿರಲಿಲ್ಲ, ಅಷ್ಟೇ. ಆ ನಾಲ್ಕು ದಿನಗಳಲ್ಲಿ ಮತ್ತು ಆಮೇಲೆ ಡಾಕ್ಟರ್ ಹತ್ತಿರ ಕೇಳಿ ಕೇಳಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಸರ್ಜನ್ ಕೊಟ್ಟ ಚೀಟಿಯಲ್ಲಿ ಬೇರೆ ಥರ ಇದ್ದರೆ ಅದನ್ನೇ ಪಾಲಿಸಿ.

ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಒಂದೇ: ಈ ಹೊಟ್ಟೆಗೆ ಬಾಕಿ ತೀರಿಸಲು ಬರುವುದಿಲ್ಲ. ನಾವು ಒಂದು ದಿನ ಉಪವಾಸ ಇದ್ದರೆ ಮರುದಿನ ಎರಡು ತಂಬಿಗೆ ನೀರು ಕುಡಿದು, ಎರಡು ಸಲ ಅನ್ನ ಹಾಕಿಸಿಕೊಂಡು ಸರಿ ಮಾಡಿಕೊಳ್ಳುತ್ತೇವೆ, ಅಲ್ವಾ? ಬೈಪಾಸ್ ಆದವರ ಹೊಟ್ಟೆಯ ಚೀಲ ಶುರುವಿನಲ್ಲಿ ಸುಮಾರು 30 ಎಂಎಲ್, ಅಂದರೆ ಎರಡು ದೊಡ್ಡ ಚಮಚದಷ್ಟು. ಸ್ಲೀವ್ ಅನ್ನುವ ಇನ್ನೊಂದು ಥರದ ಆಪರೇಷನ್ ಆದವರಲ್ಲಿ ಹೊಟ್ಟೆಯ ಮುಕ್ಕಾಲು ಭಾಗ ಅಥವಾ ಅದಕ್ಕೂ ಜಾಸ್ತಿ ಕತ್ತರಿಸಿ ತೆಗೆದಿರುತ್ತಾರೆ. ಬೆಳಿಗ್ಗೆ ತಪ್ಪಿದ ನೀರನ್ನು ಸಂಜೆ ಒಟ್ಟಿಗೆ ಕುಡಿಸಲು ಹೋದರೆ ವಾಂತಿ. ಹಾಗಾಗಿ ಇಲ್ಲಿ ಆರೈಕೆ ಅಂದರೆ ಮುಖ್ಯವಾಗಿ ಗಡಿಯಾರ ನೋಡುವ ಕೆಲಸ.

ಮಳೆ ಶುರುವಾಗುವ ಮೊದಲು

ಆಪರೇಷನ್ ದಿನ ಆರಿಸಿಕೊಳ್ಳುವುದು ನಿಮ್ಮ ಕೈಯಲ್ಲಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟುಬಿಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಮೊದಲ ತಿಂಗಳಲ್ಲೇ ಹೊಲಿಗೆ ಸೋರುವುದು, ರಕ್ತ ಹೆಪ್ಪುಗಟ್ಟುವುದು, ನಿರ್ಜಲೀಕರಣ ಎಲ್ಲ ಜಾಸ್ತಿ. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಇಂಥ ಆಪರೇಷನ್‌ಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಅಂತ ಹೋಗುವವರು. ನಡುವೆ ಒಂದೋ ಘಟ್ಟ, ಇಲ್ಲವೇ ಹೊಳೆ. 2021ರ ಜುಲೈಯಲ್ಲಿ ಅರಬೈಲ್ ಘಟ್ಟ ಕುಸಿಯಿತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಬಿದ್ದು ಹೆದ್ದಾರಿ 66 ದಿನಗಟ್ಟಲೆ ಬಂದಾಯಿತು. ಮರು ತಿಂಗಳೇ ಕಾರವಾರ-ಸದಾಶಿವಗಡದ ನಡುವೆ ಕಾಳಿ ಹೊಳೆಯ ಹಳೆ ಸೇತುವೆ ಬಿತ್ತು. ‘ಏನಾದರೂ ಆದರೆ ಬನ್ನಿ’ ಅಂತ ಡಾಕ್ಟರ್ ಹೇಳಿರುತ್ತಾರೆ, ಬರಲು ರಸ್ತೆ ಇರಬೇಕಲ್ಲ. ಮಳೆಗಾಲದಲ್ಲೇ ಮಾಡಿಸಬೇಕಾಗಿ ಬಂದರೆ ಮೊದಲ ಮೂರು-ನಾಲ್ಕು ವಾರ ಆಸ್ಪತ್ರೆ ಇರುವ ಊರಲ್ಲೇ ನೆಂಟರ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಉಳಿಯಿರಿ.

ಮೇ ಕೊನೆಗೆ ಒಂದು ಚೀಲ ತಯಾರು ಮಾಡಿ. ಡಿಸ್ಚಾರ್ಜ್ ಪತ್ರದ ಜೆರಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ, ಅದರ ಫೋಟೋ ಮನೆಯ ಮೂವರ ಮೊಬೈಲಿನಲ್ಲಿ. ಒಂದು ತಿಂಗಳ ಮಾತ್ರೆ. ಪ್ರೋಟೀನ್ ಪುಡಿಯನ್ನು ಡಬ್ಬಿ ಸಮೇತ ಇಡಬೇಡಿ, ಒಂದೊಂದು ಸ್ಕೂಪ್ ಸಣ್ಣ ಸಣ್ಣ ಪೊಟ್ಟಣ ಮಾಡಿ ಇಡಿ. ಡಬ್ಬಿಗೆ ಒಮ್ಮೆ ನೀರು ಹೊಕ್ಕರೆ ಎರಡು ಸಾವಿರ ರೂಪಾಯಿಯ ಪುಡಿ ಗಟ್ಟಿಯಾಗಿ ಕಲ್ಲಾಗುತ್ತದೆ, ಅನುಭವದ ಮಾತು. ಹಾಲಿನ ಪುಡಿ, ಹುರಿಗಡಲೆ ಹುಡಿ, ಓಆರ್‌ಎಸ್ ಪೊಟ್ಟಣ, ಸಕ್ಕರೆ ಕಾಯಿಲೆ ಇದ್ದವರಿಗೆ ಗ್ಲುಕೋಮೀಟರ್, ಔಷಧಿ ಬಾಟಲಿಯ ಗುರುತು ಹಾಕಿದ ಮುಚ್ಚಳ, ಒಂದು ಪುಟ್ಟ ಚಮಚ. ಮತ್ತೆ ಕಡಗೋಲು. ನಗಬೇಡಿ, ಕರೆಂಟು ಇಲ್ಲದಾಗ ಮಿಕ್ಸಿ ಇಲ್ಲ, ಬೆಂದ ಬೇಳೆಯನ್ನು ನುಣ್ಣಗೆ ಮಾಡಲು ಅದೇ ಗತಿ.

ಒಂದು ರಟ್ಟಿನ ಮೇಲೆ ದೊಡ್ಡದಾಗಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿಡಿ: ಯಾವ ಆಪರೇಷನ್, ಯಾವ ತಾರೀಖು, ಸರ್ಜನ್ ನಂಬರು. ಬೈಪಾಸ್ ಆದವರು ‘ಇದು ಹೊಟ್ಟೆಯ ಬೈಪಾಸ್, ಹಾರ್ಟಿನದ್ದಲ್ಲ’ ಅಂತ ಸೇರಿಸಿ. ಯಾಕೆ ಅಂತ ಮೇಲೆ ಹೇಳಿದ್ದೇನೆ.

ಹೊರಡುವಾಗ

ಬೇರೆಯವರಿಗಿಂತ ಮೊದಲು ಹೊರಡಿ. ಕದ್ರಾ ಅಣೆಕಟ್ಟಿನ ಗೇಟು ತೆಗೆಯುತ್ತಾರೆ ಅಂತ ಮೈಕಿನಲ್ಲಿ ಕೂಗಿದರೆ ಕಾಳಿ ದಂಡೆಯವರು ‘ನೋಡೋಣ, ಹೋದ ಸಲ ಮೆಟ್ಟಿಲವರೆಗೆ ಮಾತ್ರ ಬಂದಿತ್ತು’ ಅನ್ನುತ್ತಾ ಕೂರುವುದು ಇದ್ದದ್ದೇ. ಆಪರೇಷನ್ ಆಗಿ ಆರು ವಾರ ಕಳೆಯದವರನ್ನು ಆಗಲೇ ಎತ್ತರದ ಮನೆಗೆ ಕಳಿಸಿಬಿಡಿ. ಅವರು ಅಕ್ಕಿ ಮೂಟೆ, ಸಿಲಿಂಡರ್ ಎತ್ತುವಂತಿಲ್ಲ. ಸುಮ್ಮನೆ ಕೂರುವುದು ಅವರಿಗೂ ಕಷ್ಟ, ಬೈದಾದರೂ ಕೂರಿಸಿ. ಶುರುವಿನ ತಿಂಗಳುಗಳಲ್ಲಿ ತೂಕ ಇನ್ನೂ ಜಾಸ್ತಿಯೇ ಇರುತ್ತದೆ. ದೋಣಿಯವರಿಗೆ ನಾಚಿಕೆ ಇಲ್ಲದೆ ಸರಿಯಾದ ತೂಕ ಹೇಳಿ, ಅವರು ಅದಕ್ಕೆ ತಕ್ಕಂತೆ ಜನ ಹತ್ತಿಸುತ್ತಾರೆ. ಕೇಂದ್ರದಲ್ಲಿ ಒಂದು ಕುರ್ಚಿ ಅಥವಾ ಬೆಂಚು ಕೇಳಿ, ನೆಲದಿಂದ ಏಳಲು ಹೋಗಿಯೇ ಹೊಲಿಗೆಗೆ ಜಗ್ಗುವುದು. ಗಾಯ ಇನ್ನೂ ಹಸಿ ಇದ್ದರೆ ನೆರೆ ನೀರು ತಾಗದಂತೆ ಪ್ಲಾಸ್ಟಿಕ್ ಸುತ್ತಿ, ತಾಗಿದರೆ ಸೋಪು ಮತ್ತು ಶುದ್ಧ ನೀರಿನಲ್ಲಿ ತೊಳೆದು ಒಣ ಬಟ್ಟೆ ಕಟ್ಟಿ.

ನೀರು, ನೀರು, ನೀರು

ದಿನಕ್ಕೆ ಕಡಿಮೆ ಎಂದರೂ ಒಂದೂವರೆ ಲೀಟರ್. ಎಚ್ಚರ ಇರುವ 15 ಗಂಟೆಗೆ ಲೆಕ್ಕ ಹಾಕಿದರೆ ಗಂಟೆಗೆ 100 ಎಂಎಲ್. ಅದನ್ನೂ ಒಮ್ಮೆಲೇ ಅಲ್ಲ, ಗುಟುಕು ಗುಟುಕಾಗಿ. ಊಟದ ಜೊತೆ ನೀರು ಬೇಡ, ಊಟವಾಗಿ ಅರ್ಧ ಗಂಟೆ ಬಿಟ್ಟು ಕೊಡಿ. ನೆರೆಯ ಗದ್ದಲದಲ್ಲಿ ಹೆಂಗಸರು ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ಅಕ್ಕ ಮಾಡಿದ್ದೂ ಅದನ್ನೇ, ನಮಗೆ ಗೊತ್ತಾದದ್ದು ಎರಡನೇ ದಿನ ಅವಳ ತಲೆ ತಿರುಗಿದಾಗ. ಈ ವಿಷಯವನ್ನು ಗಂಡಸರು ಕೇಳಿದರೆ ಹೇಳುವುದಿಲ್ಲ, ಹೆಂಗಸರೇ ಹತ್ತಿರ ಕೂತು ಕೇಳಬೇಕು, ಜೊತೆಗೆ ಹೋಗಬೇಕು. ಮೂತ್ರ ಕಡು ಹಳದಿ ಆಯಿತೆಂದರೆ ನೀರು ಸಾಲುತ್ತಿಲ್ಲ ಎಂದೇ ಅರ್ಥ.

ಬಾವಿಗೆ ನೆರೆ ನೀರು ಹೊಕ್ಕಿದ್ದರೆ ಕ್ಲೋರಿನ್ ಹಾಕುವವರೆಗೆ ಅದನ್ನು ಮುಟ್ಟಬೇಡಿ. ಕುದಿಸಿ ಆರಿಸಿದ ನೀರೇ ಕೊಡಿ. ಬೇಧಿ ಶುರುವಾದರೆ ನಮಗಿಂತ ಬೇಗ ಇವರು ಸೋಲುತ್ತಾರೆ.

ಓಆರ್‌ಎಸ್ ಕೊಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಒಂದು ಲೀಟರಿಗೆ ಕಲಸುವ ಸರಿಯಾದ ಓಆರ್‌ಎಸ್ ಪೊಟ್ಟಣದಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ. ಗುಟುಕಾಗಿ ಕುಡಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಅಂಗಡಿಯಲ್ಲಿ ಸಿಗುವ ಹಣ್ಣಿನ ರುಚಿಯ ಟೆಟ್ರಾ ಪ್ಯಾಕ್ ಬೇರೆ, ಅದು ಬರೀ ಸಕ್ಕರೆ ಪಾಕ, ಬೇಡ. ಸಕ್ಕರೆ ಹಾಕದ ತೆಳು ಮಜ್ಜಿಗೆ, ಬೇಳೆ ತಿಳಿ ಒಳ್ಳೆಯದು. ಶಿರಸಿ ಕಡೆಯವರಿಗೆ ಒಂದೆಲಗದ ತಂಬುಳಿಯನ್ನು ಸೋಸಿ ತೆಳ್ಳಗೆ ಮಾಡಿಕೊಡುವುದು ಗೊತ್ತಿದೆ. ಸೋಲ್ ಕಡಿ, ಅಪ್ಪೆಹುಳಿ ಮೊದಲ ಎರಡು ತಿಂಗಳು ದೂರ ಇರಲಿ, ಖಾರ ಹುಳಿ ಎರಡೂ ಉರಿಸುತ್ತವೆ.

ಕಾಳಜಿ ಕೇಂದ್ರದ ಊಟ

ಅನ್ನ, ಸಾರು, ಉಪ್ಪಿಟ್ಟು, ಅವಲಕ್ಕಿ, ಬಿಸ್ಕಿಟ್. ಹೊಟ್ಟೆ ತುಂಬಿಸಲು ಸಾಕು, ಆದರೆ ಇವರಿಗೆ ಬೇಕಾದ ಪ್ರೋಟೀನ್ ಇಲ್ಲ. ದಿನಕ್ಕೆ 60 ಗ್ರಾಂ ಆದರೂ ಬೇಕು ಅನ್ನುತ್ತಾರೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಪ್ರೋಟೀನ್ ಪುಡಿಯ ಒಂದು ಸ್ಕೂಪಿನಲ್ಲಿ 20-25. ಅಡುಗೆ ಮಾಡುವವರ ಹತ್ತಿರ ಹೋಗಿ ‘ಒಗ್ಗರಣೆ ಹಾಕುವ ಮೊದಲು ಒಂದು ಸೌಟು ಬೇಳೆ ತೆಗೆದಿಡಿ’ ಅಂತ ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ. ಅದನ್ನು ಕಡಗೋಲಿನಲ್ಲಿ ಕಡೆದು ಹಾಲಿನ ಪುಡಿ ಬೆರೆಸಿದರೆ ಐದನೇ ವಾರದವರಿಗೂ ಇಳಿಯುತ್ತದೆ. ಕುಚ್ಚಲಕ್ಕಿ ಗಂಜಿ ನಮ್ಮ ಕಡೆ ಎಲ್ಲ ರೋಗಕ್ಕೂ ಮದ್ದು, ಆದರೆ ಬರೀ ಗಂಜಿ ಕುಡಿಸುತ್ತಾ ಹೋದರೆ ಇರುವ ಎರಡು ಚಮಚ ಜಾಗವೂ ಪಿಷ್ಟದಿಂದಲೇ ತುಂಬುತ್ತದೆ. ಮೊದಲು ಬೇಳೆ ಅಥವಾ ಮೊಟ್ಟೆ, ಜಾಗ ಉಳಿದರೆ ಗಂಜಿ. ಆಪರೇಷನ್ ಆಗಿ ವರ್ಷ ಕಳೆದವರು ಹುರಿಗಡಲೆ ಹುಡಿ, ಶೇಂಗಾ ಚೆನ್ನಾಗಿ ಅಗಿದು ತಿನ್ನಬಹುದು. ಹಸಿ ಮೀನು ಆ ದಿನಗಳಲ್ಲಿ ಎಲ್ಲಿಂದ, ಜೂನ್-ಜುಲೈ ಮೀನುಗಾರಿಕೆ ಬಂದ್ ಇರುತ್ತದೆ. ಒಣ ಮೀನಾದರೆ ಎರಡು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ.

‘ಇನ್ನೊಂದು ತುತ್ತು, ನನಗೋಸ್ಕರ’ ಅನ್ನುವ ಆಯಿಯನ್ನು ತಡೆಯುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಆ ಒಂದು ತುತ್ತೇ ವಾಂತಿ.

ಸಿಹಿ ತಿಂದ 10-30 ನಿಮಿಷಕ್ಕೆ ಬೆವರು, ಎದೆ ಬಡಿತ, ಬೇಧಿ ಬಂದರೆ ಅದು ಡಂಪಿಂಗ್, ಅಂದರೆ ಸಿಹಿ ಹೊಟ್ಟೆಯಲ್ಲಿ ನಿಲ್ಲದೆ ಒಮ್ಮೆಲೇ ಕರುಳಿಗೆ ಇಳಿಯುವುದು. ಮಲಗಿಸಿ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಮತ್ತೆ ಸಕ್ಕರೆ ಕೊಟ್ಟರೆ ಇನ್ನೂ ಜಾಸ್ತಿ. ಆದರೆ ತಿಂದು ಒಂದರಿಂದ ಮೂರು ಗಂಟೆಯ ಮೇಲೆ ನಡುಕ, ಮಂಕು ಬಂದರೆ ನಿಜವಾಗಿಯೂ ರಕ್ತದ ಸಕ್ಕರೆ ಇಳಿದಿರಬಹುದು, ಇನ್ಸುಲಿನ್ ತೆಗೆದುಕೊಳ್ಳುವವರಲ್ಲಂತೂ ಹೌದು. ಗ್ಲುಕೋಮೀಟರ್ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಗ್ಲೂಕೋಸ್ ನಿಧಾನಕ್ಕೆ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಆಮೇಲೆ ಸ್ವಲ್ಪ ಪ್ರೋಟೀನ್. ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ. ಊಟ ಕಡಿಮೆಯಾದ ದಿನ ಇನ್ಸುಲಿನ್, ಬಿಪಿ ಮಾತ್ರೆಯ ಡೋಸು ಹಳೆಯದೇ ಇರಬೇಕಾ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಮಾತ್ರೆಗಳು

ಮೈಕೈ ನೋವಿಗೆ ಕೇಂದ್ರದಲ್ಲಿ ಮಾತ್ರೆ ಹಂಚುತ್ತಾರೆ. ಪ್ಯಾರಸಿಟಮಾಲ್ ಆಗುತ್ತದೆ. ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಬೇಡ, ಮುಖ್ಯವಾಗಿ ಬೈಪಾಸ್ ಆದವರಿಗೆ, ಜೋಡಿಸಿದ ಜಾಗದಲ್ಲೇ ಹುಣ್ಣಾಗುತ್ತದೆ. ಎಷ್ಟೋ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಜೊತೆ ಇವು ಸೇರಿರುತ್ತವೆ, ಪಟ್ಟಿಯ ಹಿಂಭಾಗ ಓದಿ. ಇಲಿ ಜ್ವರ ತಡೆಯಲು ಡಾಕ್ಸಿಸೈಕ್ಲಿನ್ ಕೊಟ್ಟರೆ ಆಪರೇಷನ್ ವಿಷಯ ಹೇಳಿಯೇ ತೆಗೆದುಕೊಳ್ಳಿ. ಅದನ್ನು ಮಲಗುವ ಮುಂಚೆ ಒಣ ಬಾಯಿಯಲ್ಲಿ ನುಂಗಿದರೆ ಅನ್ನನಾಳ ಸುಡುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಯಿಂದಲೂ ಕೆಲವು ಗಂಟೆ ದೂರ ಇಡಬೇಕು.

ವಿಟಮಿನ್ ಮಾತ್ರೆ ಎರಡು ದಿನ ತಪ್ಪಿದರೆ ಪ್ರಪಂಚ ಮುಳುಗುವುದಿಲ್ಲ. ಬಿ12 ಮೈಯಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ. ಬಿ1 ಹಾಗಲ್ಲ, ಎರಡು-ಮೂರು ವಾರದ್ದು ಮಾತ್ರ ಇರುತ್ತದೆ, ದಿನವೂ ವಾಂತಿ ಆಗುತ್ತಿದ್ದರೆ ಬೇಗ ಖಾಲಿ. ಆಮೇಲೆ ನಡೆಯುವಾಗ ಓಲಾಡುವುದು, ಎರಡೆರಡು ಕಾಣುವುದು, ಮಾತು ತಪ್ಪುವುದು. ಇದು ಮಿದುಳಿಗೆ ಪೆಟ್ಟು, ಕಾಯುವಂತಿಲ್ಲ.

ಯಾವಾಗ ಓಡಬೇಕು

ನಾಡಿ 100ರ ಮೇಲೇ ಇದ್ದು ಇಳಿಯದಿದ್ದರೆ, ಜ್ವರ, ಹೊಟ್ಟೆ ಅಥವಾ ಎಡ ಹೆಗಲು ನೋವು, ಉಸಿರು ಕಟ್ಟುವುದು, ಒಂದೇ ಕಾಲು ಊದುವುದು, ಕಪ್ಪು ಮಲ, ಒಂದು ದಿನ ಪೂರ್ತಿ ನೀರೂ ನಿಲ್ಲದೇ ಇರುವುದು, ಇವುಗಳಲ್ಲಿ ಯಾವುದಾದರೂ ಸಾಕು. ಬೈಪಾಸ್ ಆಗಿ ನಾಲ್ಕು ವರ್ಷ ಆದವರಿಗೂ ತಟ್ಟನೆ ಹೊಟ್ಟೆ ಹಿಂಡುವ ನೋವು ಬಂದರೆ ‘ಗ್ಯಾಸು’ ಅಂತ ಓಮು ನೀರು ಕೊಟ್ಟು ಕೂರಬೇಡಿ, ಕರುಳು ಒಳಗೇ ಸಿಕ್ಕಿಕೊಂಡಿರಬಹುದು. ಆಂಬುಲೆನ್ಸಿಗೆ 108, ದೋಣಿ ಬೇಕಿದ್ದರೆ ಅಥವಾ ರಸ್ತೆ ಬಂದಾಗಿದ್ದರೆ ಜಿಲ್ಲೆಯ ಕಂಟ್ರೋಲ್ ರೂಮ್ 1077. ಫೋನಿನಲ್ಲೇ ಯಾವ ರಸ್ತೆ ತೆರೆದಿದೆ ಕೇಳಿಕೊಳ್ಳಿ.

ಹತ್ತಿರ ಸಿಕ್ಕಿದ ಆಸ್ಪತ್ರೆಯ ಡಾಕ್ಟರಿಗೆ ಎರಡು ಮಾತು ನೀವೇ ಹೇಳಿ, ಸಂಕೋಚ ಬೇಡ. ವಾಂತಿ ಆಗುತ್ತಿದ್ದವರಿಗೆ ಗ್ಲೂಕೋಸ್ ಡ್ರಿಪ್ ಹಾಕುವ ಮುಂಚೆ ಥಯಾಮಿನ್ (ಅದೇ ಬಿ1) ಕೊಡಬೇಕಾ ಅಂತ ಕೇಳಿ. ಮೂಗಿನಿಂದ ನಳಿಕೆ ಹಾಕುವ ಮಾತು ಬಂದರೆ ಹೊಟ್ಟೆಯ ಆಪರೇಷನ್ ಆಗಿದೆ, ಸರ್ಜನ್ ಜೊತೆ ಒಮ್ಮೆ ಮಾತಾಡಿ ಅನ್ನಿ. ರಟ್ಟು ಇದ್ದರೆ ಅದನ್ನೇ ತೋರಿಸಿ. ನಮ್ಮ ಅಕ್ಕನ ವಿಷಯದಲ್ಲಿ ಮೂರನೇ ದಿನ ಬಂದ ಡಾಕ್ಟರ್ ಮೊಬೈಲಿನಲ್ಲಿದ್ದ ಡಿಸ್ಚಾರ್ಜ್ ಫೋಟೋ ನೋಡಿಯೇ ಎಲ್ಲ ತೀರ್ಮಾನ ಮಾಡಿದರು, ಕಾಗದ ಹೊಳೆ ಪಾಲಾಗಿತ್ತು.

ಇನ್ನು ರಾತ್ರಿ. ಗೊರಕೆಯ ಮಷಿನ್, ಅದೇ ಸಿಪ್ಯಾಪ್, ಬಳಸುವವರಿದ್ದರೆ ಜನರೇಟರ್ ಇರುವ ಕೋಣೆಯ ಹತ್ತಿರ ಜಾಗ ಕೇಳಿ. ಕರೆಂಟೇ ಇಲ್ಲದಿದ್ದರೆ ಅಂಗಾತ ಮಲಗಿಸಬೇಡಿ, ತಲೆ ಎತ್ತರಿಸಿ ಮಗ್ಗುಲಾಗಿ ಮಲಗಲಿ, ನಿದ್ದೆಯ ಮಾತ್ರೆ ಬೇಡ. ಹಗಲಲ್ಲಿ ಗಂಟೆಗೊಮ್ಮೆ ಎಬ್ಬಿಸಿ ಶಾಲೆಯ ವರಾಂಡದಲ್ಲಿ ನಾಲ್ಕು ಸುತ್ತು ನಡೆಸಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು. ನಡೆಯುವಾಗ ಮುಚ್ಚಳದಲ್ಲಿ ನೀರು ಹಿಡಿದುಕೊಂಡೇ ಹೋಗಿ, ಸುತ್ತಿಗೊಂದು ಗುಟುಕು ಅಂತ ಲೆಕ್ಕ ಇಟ್ಟರೆ ಕುಡಿಸಿದ್ದೇ ಗೊತ್ತಾಗುವುದಿಲ್ಲ.