ಪುಕ್ಕಟೆ ಸಿಕ್ಕ ನೆಟ್‌ವರ್ಕಿಂಗ್ ಪುಸ್ತಕವನ್ನು ಕ್ಲಾಸಿಗೆ ಒಯ್ಯುವ ಮುಂಚೆ

ನನ್ನ ಟೇಬಲ್ಲಿನ ಕೆಳಗಿನ ಡ್ರಾನಲ್ಲಿ ಎಂಬತ್ತು ಪುಟದ ಒಂದು ಕಟ್ಟು ಇದೆ. ಕಂಪ್ಯೂಟರ್ ನೆಟ್‌ವರ್ಕಿಂಗ್ ಪುಸ್ತಕವೊಂದರ ಎರಡು ಅಧ್ಯಾಯಗಳ ಕನ್ನಡ ಅನುವಾದ. ಒಂದು ಬೇಸಿಗೆ ರಜೆ ಪೂರ್ತಿ ಕೂತು ನಾನೇ ಮಾಡಿದ್ದು. ಅದನ್ನು ಯಾರಿಗೂ ಕೊಡುವಂತಿಲ್ಲ.

ಪುಸ್ತಕ ಪುಕ್ಕಟೆ ಸಿಕ್ಕಿತ್ತು. ಪಿಡಿಎಫ್ ಇಳಿಸಿಕೊಂಡೆ, ಚಲೋ ಇದೆ ಅನಿಸಿತು, ಅನುವಾದಕ್ಕೆ ಕೂತೆ. ಜೆರಾಕ್ಸಿಗೆ ಕೊಡುವ ಹಿಂದಿನ ದಿನ ಸಹೋದ್ಯೋಗಿಯೊಬ್ಬರು "ಲೈಸೆನ್ಸ್ ಏನೈತಿ ನೋಡೀರೇನ್ರಿ ಮೇಡಂ?" ಅಂದರು. ಎರಡನೇ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು: ಸಿಸಿ ಬಿವೈ-ಎನ್‌ಸಿ-ಎನ್‌ಡಿ 4.0. ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್, ಬರೆದವರು ತಮ್ಮ ಪುಸ್ತಕವನ್ನು ಯಾವ ಷರತ್ತಿನ ಮೇಲೆ ಹಂಚಬಹುದು ಎಂದು ಹೇಳುವ ಲೈಸೆನ್ಸ್. ಕೊನೆಯ ಆ ಎನ್‌ಡಿ ಇದೆಯಲ್ಲ, ಅದರ ಅರ್ಥ ಬದಲಾಯಿಸಿದ್ದನ್ನು ಹಂಚಬೇಡಿ ಅಂತ. ಅನುವಾದವೂ ಬದಲಾವಣೆಯೇ. ನನ್ನ ಸ್ವಂತಕ್ಕೆ ಮಾಡಿಟ್ಟುಕೊಳ್ಳಬಹುದು, ಇನ್ನೊಬ್ಬರ ಕೈಗೆ ಇಡುವ ಹಾಗಿಲ್ಲ. ಅನುಮತಿ ಕೇಳಿ ಬರೆದೆ, ಉತ್ತರ ಬರಲಿಲ್ಲ. ಬರೆದವರದು ತಪ್ಪೇನಿಲ್ಲ, ಅವರು ಹೇಳಿಯೇ ಇದ್ದರು. ನೋಡದೇ ಹೋದವಳು ನಾನು.

ಮನೆ ಹುಬ್ಬಳ್ಳಿಯಲ್ಲಿ, ಕೆಲಸ ಗದಗಿನ ಒಂದು ಕಾಲೇಜಿನಲ್ಲಿ. ಬಿಸಿಎ ಮಕ್ಕಳಿಗೆ ನೆಟ್‌ವರ್ಕಿಂಗ್ ಕಲಿಸುತ್ತೇನೆ. ಆ ಬೇಸಿಗೆಯ ನಂತರ ಯಾವ ಮುಕ್ತ ಪಠ್ಯಪುಸ್ತಕ ಕೈಗೆ ಬಂದರೂ ಕ್ಲಾಸಿಗೆ ಒಯ್ಯುವ ಮುಂಚೆ ಒಂದು ವಾರ ಅದನ್ನು ಚೆನ್ನಾಗಿ ಗೋಳುಹೊಯ್ದುಕೊಳ್ಳುತ್ತೇನೆ. ಹೇಗೆ ಅಂತ ಬರೆಯುತ್ತೇನೆ.

ಮೊದಲು ಲೈಸೆನ್ಸ್, ಇನ್ನೇನು. ಪುಕ್ಕಟೆ ಬೇರೆ, ಮುಕ್ತ ಬೇರೆ. ಇಳಿಸಿಕೊಳ್ಳಲು ದುಡ್ಡು ಕೇಳಲಿಲ್ಲ ಅಂದ ಮಾತ್ರಕ್ಕೆ ಪುಸ್ತಕ ಮುಕ್ತವಾಗುವುದಿಲ್ಲ. ಲೈಸೆನ್ಸಿನ ಸಾಲೇ ಇಲ್ಲದಿದ್ದರೆ ಎಲ್ಲ ಹಕ್ಕೂ ಬರೆದವರದ್ದೇ ಎಂದು ತಿಳಿಯಿರಿ. ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಆರು ಲೈಸೆನ್ಸ್‌ಗಳಿವೆ, ಗುರುತು ನಾಲ್ಕೇ. ಬಿವೈ ಅಂದರೆ ಬರೆದವರ ಹೆಸರು ಹೇಳಿ. ಎಸ್‌ಎ ಅಂದರೆ ನೀವು ತಿದ್ದಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಿ. ಎನ್‌ಸಿ ಅಂದರೆ ವ್ಯಾಪಾರ ಬೇಡ. ಎನ್‌ಡಿ ಕಥೆ ಆಯಿತಲ್ಲ. ಎನ್‌ಸಿ ಇರುವ ಪುಸ್ತಕವನ್ನು ಜೆರಾಕ್ಸ್ ಅಂಗಡಿಗೆ ಕೊಡಬಹುದಾ, ಅವರು ಪುಟಕ್ಕೆ ಇಷ್ಟು ಅಂತ ತಗೊಳ್ತಾರಲ್ಲ ಎಂದು ಎಲ್ಲರೂ ಕೇಳುತ್ತಾರೆ. ಇದೇ ಜಗಳ ಅಮೆರಿಕದಲ್ಲಿ ಕೋರ್ಟಿಗೆ ಹೋಗಿತ್ತು. ಶಾಲೆಯವರು ಹೇಳಿ ಮಾಡಿಸಿದ ನಕಲಿಗೆ ಅಂಗಡಿ ದುಡ್ಡು ತಗೊಂಡರೆ ಲೈಸೆನ್ಸ್ ಮುರಿದಂತಲ್ಲ ಎಂದು 2018ರಲ್ಲಿ ಅಲ್ಲಿಯ ಮೇಲ್ಮನವಿ ಕೋರ್ಟ್ ಹೇಳಿತು. ಅದು ಅಲ್ಲಿಯ ತೀರ್ಪು, ನಿಜ. ನಾನು ಪಾಲಿಸುವುದು ಇಷ್ಟೇ: ನಮ್ಮ ಮಕ್ಕಳಿಗೆ ಬೇಕಾದಷ್ಟು ಪ್ರತಿ ನಾವೇ ಹೇಳಿ ಮಾಡಿಸುತ್ತೇವೆ. ಅಂಗಡಿಯವರು ಪ್ರತಿ ಪೇರಿಸಿಟ್ಟು ಮಾರಲು ಬಿಡುವುದಿಲ್ಲ.

ಆಮೇಲೆ ಪುಸ್ತಕದ ಒಳಗೆ. ಪರಿವಿಡಿ ನೋಡಿ ಮರುಳಾಗಬೇಡಿ. ನೆಟ್‌ವರ್ಕಿಂಗ್ ಪುಸ್ತಕಗಳ ಪರಿವಿಡಿ ಮದುವೆ ಊಟದ ಎಲೆ ಇದ್ದ ಹಾಗೆ, ಯಾರ ಮನೆಯದಾದರೂ ಬಡಿಸಿದ್ದು ಅದೇ. ರುಚಿ ನೋಡಬೇಕು. ನಿಮಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುವ ಒಂದು ಪುಟ ತೆಗೆಯಿರಿ. ನನ್ನದು ಟಿಸಿಪಿಯ ಮೂರು ಹೆಜ್ಜೆಯ ಹ್ಯಾಂಡ್‌ಶೇಕ್, ಅಂದರೆ ಎರಡು ಕಂಪ್ಯೂಟರ್‌ಗಳು ಡೇಟಾ ಕಳಿಸುವ ಮುಂಚೆ ಸಂಪರ್ಕ ಕುದುರಿಸಿಕೊಳ್ಳುವ ರೀತಿ. ಕ್ಲೈಂಟ್ ಸಿನ್ ಎಂಬ ಕರೆ ಕಳಿಸುತ್ತದೆ, ಅದರ ಸೀಕ್ವೆನ್ಸ್ ನಂಬರ್ 100 ಅಂತಿಟ್ಟುಕೊಳ್ಳಿ. ಸರ್ವರ್ ತನ್ನ ನಂಬರ್ 500 ಎಂದು ಹೇಳಿ, ಜೊತೆಗೆ ಅಕ್ ನಂಬರ್, ಅಂದರೆ ಮುಂದೆ ತನಗೆ ಬರಬೇಕಾದ ನಂಬರ್, 101 ಹಾಕಬೇಕು. 100 ಅಲ್ಲ. ಸಿನ್ ಒಳಗೆ ಒಂದು ಬೈಟ್ ಡೇಟಾ ಇಲ್ಲದಿದ್ದರೂ ಅದು ಒಂದು ನಂಬರ್ ತಿನ್ನುತ್ತದೆ. ಮೂರನೇ ಹೆಜ್ಜೆಯಲ್ಲಿ ಕ್ಲೈಂಟಿನ ಸೀಕ್ವೆನ್ಸ್ 101, ಅಕ್ 501. ನಾನು ನೋಡಿದ ಒಂದು ಪುಸ್ತಕದ ಚಿತ್ರದಲ್ಲಿ 101 ಸರಿ ಇತ್ತು, 501 ಇರಬೇಕಾದಲ್ಲಿ 500 ಇತ್ತು. ಪಕ್ಕದ ಬರಹದಲ್ಲಿ ಮಾತ್ರ ಸರಿಯಾಗಿತ್ತು. ಮಕ್ಕಳು ಓದುವುದು ಬರಹವನ್ನಲ್ಲ, ಚಿತ್ರವನ್ನು. ಪರೀಕ್ಷೆಯಲ್ಲಿ ಬರೆಯುವುದೂ ಅದನ್ನೇ.

ಇನ್ನೊಂದು. ಲೈನಿನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ಈ ನಂಬರ್‌ಗಳನ್ನು ತಾನಾಗಿಯೇ 0ಯಿಂದ ಎಣಿಸಿ ತೋರಿಸುತ್ತದೆ. ಒಳಗಿರುವ ನಿಜವಾದ ನಂಬರ್ ಬೇರೆ, ಭಾರಿ ದೊಡ್ಡದು. ಇದನ್ನು ಒಂದೇ ಸಾಲಿನಲ್ಲಾದರೂ ಹೇಳಿದ ಪುಸ್ತಕ ಸಿಕ್ಕರೆ ಬರೆದವರು ಲ್ಯಾಬಿನಲ್ಲಿ ಮಕ್ಕಳ ಪಕ್ಕ ನಿಂತವರು ಅಂತ ನನಗೆ ಗೊತ್ತಾಗುತ್ತದೆ.

ತಪ್ಪು ಸಿಕ್ಕಿತು ಅಂತ ಪುಸ್ತಕ ಪಕ್ಕಕ್ಕೆ ಎಸೆಯಬೇಡಿ. ತಪ್ಪಿಲ್ಲದ ಪುಸ್ತಕ ಎಲ್ಲಿದೆ? ದುಡ್ಡು ಕೊಟ್ಟು ತಂದ ಪುಸ್ತಕದಲ್ಲಿ ತಪ್ಪಿದ್ದರೆ ಈ ವರ್ಷ ಅರವತ್ತು ಮಂದಿಗೆ "ಪೆನ್ನಿನಿಂದ ತಿದ್ದಿಕೊಳ್ರಿ" ಅನ್ನುತ್ತೇವೆ, ಮುಂದಿನ ವರ್ಷ ಮತ್ತೆ ಅರವತ್ತು ಮಂದಿಗೆ. ಮುಕ್ತ ಪುಸ್ತಕದ ನಿಜವಾದ ಪರೀಕ್ಷೆ ಶುರುವಾಗುವುದೇ ಇಲ್ಲಿ. ತಪ್ಪು ತಿಳಿಸಲು ಜಾಗ ಇದೆಯಾ? ಹಿಂದೆ ತಿಳಿಸಿದವರಿಗೆ ಉತ್ತರ ಬಂದಿದೆಯಾ? ಕೊನೆಯ ತಿದ್ದುಪಡಿ ಯಾವತ್ತಿನದು? ಚಿತ್ರಗಳ ಮೂಲ ಫೈಲ್ ಕೊಟ್ಟಿದ್ದಾರಾ, ಇಲ್ಲ ಬರೀ ಪಿಡಿಎಫ್ ಕೊಟ್ಟು ಕೈತೊಳೆದುಕೊಂಡಿದ್ದಾರಾ? ನಾನು ಆ 501ರ ಬಗ್ಗೆ ನಾಲ್ಕು ಸಾಲು ಬರೆದೆ. ಎಂಟನೇ ದಿನ ಚಿತ್ರ ಬದಲಾಗಿತ್ತು. ಆ ಪುಸ್ತಕವನ್ನೇ ಇಟ್ಟುಕೊಂಡೆ. ಅದಕ್ಕಿಂತ ಚೆಂದವಾಗಿ ಬರೆದ ಇನ್ನೊಂದು ಪುಸ್ತಕವನ್ನು ಬಿಟ್ಟೆ. ಅಲ್ಲಿ ಯಾರೋ ತಿಳಿಸಿದ್ದ ತಪ್ಪುಗಳು ವರ್ಷಗಟ್ಟಲೆ ಹಾಗೇ ಬಿದ್ದಿದ್ದವು.

ಹ್ಯಾಂಡ್‌ಶೇಕ್ ಆದ ಮೇಲೆ ನಾನು ರುಚಿ ನೋಡುವ ಎರಡನೇ ಪುಟ ಲೆಕ್ಕದ್ದು. ಲೆಕ್ಕವನ್ನು ಓದಬೇಡಿ, ಪುಸ್ತಕ ಮುಚ್ಚಿ ಮಾಡಿ. ಆಮೇಲೆ ಅದೇ ಲೆಕ್ಕವನ್ನು ನಿಮ್ಮ ಊರಿಗೆ ತನ್ನಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿಲೋಮೀಟರ್ ಫೈಬರ್ ಎಳೆದಿದೆ ಅಂತ ಹಿಡಿಯೋಣ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹಾಗಾದರೆ ದಾರಿಯಲ್ಲಿ ಹಿಡಿಯುವ ಹೊತ್ತು 0.1 ಮಿಲಿಸೆಕೆಂಡ್. 1500 ಬೈಟಿನ ಪ್ಯಾಕೆಟ್ ಅಂದರೆ 12,000 ಬಿಟ್. 10 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಒಂದು ಕೋಟಿ ಬಿಟ್ ಹೋಗುವ ಲೈನಿನಲ್ಲಿ ಅದನ್ನು ಹೊರಗೆ ತಳ್ಳಲು 1.2 ಮಿಲಿಸೆಕೆಂಡ್ ಬೇಕು. ಅಂದರೆ ಹುಬ್ಬಳ್ಳಿಯ ಹೊಸೂರಿನಲ್ಲಿ ಬಸ್ ಹತ್ತಲು ನಿಂತ ಹೊತ್ತೇ ಧಾರವಾಡ ಮುಟ್ಟುವ ಹೊತ್ತಿನ ಹನ್ನೆರಡು ಪಟ್ಟು. ಅದೇ ಲೈನನ್ನು ನೂರು ಪಟ್ಟು ಹೆಚ್ಚಿಸಿ 1 ಜಿಬಿಪಿಎಸ್ ಮಾಡಿ. ತಳ್ಳುವುದಕ್ಕೆ 12 ಮೈಕ್ರೊಸೆಕೆಂಡ್ ಸಾಕು, ದಾರಿಯ ಹೊತ್ತು ಮಾತ್ರ ಅದೇ 100 ಮೈಕ್ರೊಸೆಕೆಂಡ್. ಈಗ ದಾರಿಯೇ ದೊಡ್ಡದಾಯಿತು. ಸ್ಪೀಡ್ ಜಾಸ್ತಿ ಮಾಡಿದರೂ ಬೆಳಕಿನ ಓಟ ಬದಲಾಗುವುದಿಲ್ಲ ಅನ್ನುವುದು ಮಕ್ಕಳಿಗೆ ಹೊಳೆಯಬೇಕು. ಪುಸ್ತಕದ ಲೆಕ್ಕ ಹೀಗೆ ಎರಡು ಸಲ ಮಾಡಿಸುತ್ತದಾ, ಇಲ್ಲ ಸೂತ್ರದಲ್ಲಿ ಅಂಕಿ ತುಂಬಿಸಿ ಮುಗಿಸುತ್ತದಾ ನೋಡಿ.

ಉದಾಹರಣೆ ಬದಲಾಯಿಸಲು ಬರುತ್ತದಾ ಅನ್ನುವುದನ್ನೂ ಹೀಗೇ ನೋಡುತ್ತೇನೆ. ಸರ್ಕ್ಯೂಟ್ ಸ್ವಿಚಿಂಗ್, ಅಂದರೆ ಇಬ್ಬರ ಮಾತಿಗಾಗಿ ದಾರಿಯನ್ನು ಮೊದಲೇ ಕಾದಿರಿಸುವುದು, ಹೇಳಿಕೊಡಲು ನಾನು ಇಟ್ಟುಕೊಂಡ ಪುಸ್ತಕದಲ್ಲಿ ಯಾವುದೋ ದೇಶದ ಹೈವೇ ಇತ್ತು. ನಾನು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಲೇನ್ ಹಾಕಿದೆ. ಲೇನ್ ಖಾಲಿ ಇದ್ದರೂ ಪಕ್ಕದ ರಸ್ತೆಯಲ್ಲಿ ನಿಂತ ಟಂಟಂ ಅದರೊಳಗೆ ನುಗ್ಗುವಂತಿಲ್ಲ. ಕಾದಿರಿಸಿದ್ದು ಅಂದರೆ ಇದೇ ಅಲ್ವಾ? ಹೋಲಿಕೆ ಪೂರ್ತಿ ಸರಿಯಲ್ಲ, ಆ ಲೇನಿನೊಳಗೆ ಹತ್ತಾರು ಬಸ್ಸು ಓಡುತ್ತವೆ. ಅದನ್ನು ಹಿಂದಿನ ಬೆಂಚಿನ ಹುಡುಗನೊಬ್ಬ ತಾನೇ ಹೇಳಿದ. ಹೈವೇ ಉದಾಹರಣೆಗೆ ಅವನು ಬಾಯಿ ಬಿಟ್ಟಿರಲಿಲ್ಲ.

ಪುಸ್ತಕದ ವಯಸ್ಸು ನೋಡಬೇಕು, ಆದರೆ ಹೊದಿಕೆಯ ಮೇಲಿನ ವರ್ಷ ನೋಡಿ ಅಲ್ಲ. 1981ರ ಟಿಸಿಪಿಯ ಬುಡ ಇವತ್ತಿಗೂ ಗಟ್ಟಿಯಾಗಿದೆ. ಪುಸ್ತಕ "ಈಗ" ಎಂದು ಯಾವುದನ್ನು ಕರೆಯುತ್ತದೆ ನೋಡಿ. ಐಪಿ ವಿಳಾಸಗಳು ಎ, ಬಿ, ಸಿ ಕ್ಲಾಸ್‌ಗಳಾಗಿ ಹಂಚಿಕೆಯಾಗುತ್ತವೆ ಎಂದು ವರ್ತಮಾನದಲ್ಲಿ ಬರೆದಿದ್ದರೆ ಸಂಶಯಪಡಿ, 1993ರಲ್ಲೇ ಆ ಕಟ್ಟುಪಾಡು ಬಿಟ್ಟು, ಬೇಕಾದ ಅಳತೆಯಲ್ಲಿ ವಿಳಾಸ ಹಂಚುವ ಸಿಐಡಿಆರ್ ಪದ್ಧತಿ ಬಂತು. ಇತಿಹಾಸ ಎಂದು ಹೇಳಿದ್ದರೆ ತೊಂದರೆಯಿಲ್ಲ. ಐಪಿ ವಿಳಾಸದ ಹೊಸ ಪದ್ಧತಿಯಾದ ಐಪಿವಿ6 ಬಗ್ಗೆ ಪುಸ್ತಕದ ಬಾಲದಲ್ಲಿ ಎರಡು ಪುಟ ಮಾತ್ರ ಇದೆಯಾ? ಹಳೆಯ ಪದ್ಧತಿಯ ಐಪಿವಿ4 ವಿಳಾಸಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಗಿದೆ. ಸಂಪರ್ಕಕ್ಕೆ ಬೀಗ ಹಾಕುವ ಟಿಎಲ್‌ಎಸ್ 1.3 ಬಂದದ್ದು 2018ರಲ್ಲಿ, ಟಿಸಿಪಿಯ ಬದಲಿಗೆ ಬಳಸುವ ಕ್ವಿಕ್ 2021ರಲ್ಲಿ, ಅದರ ಮೇಲೆ ಕೂತು ವೆಬ್ ಪುಟ ತರುವ ಎಚ್‌ಟಿಟಿಪಿ/3 ಮರುವರ್ಷ. ಮೂರಕ್ಕೂ ಅಧ್ಯಾಯ ಬೇಕಿಲ್ಲ, ಹೆಸರೇ ಇಲ್ಲದಿದ್ದರೆ ಮಾತ್ರ ಯೋಚಿಸಿ. ಇನ್ನೊಂದು ಸಣ್ಣ ಸುಳಿವು: ಉದಾಹರಣೆಗೆ ಬಳಸಿದ ಐಪಿ ವಿಳಾಸ. 192.0.2ರಿಂದ ಶುರುವಾಗುವ ವಿಳಾಸಗಳನ್ನು ಪುಸ್ತಕಗಳಿಗಾಗಿಯೇ ಮೀಸಲಿಟ್ಟಿದ್ದಾರೆ. ಅದನ್ನು ಬಳಸಿದ್ದರೆ ಬರೆದವರು ಶಿಸ್ತಿನವರು.

ಇನ್ನು ಲ್ಯಾಬ್. ಇಲ್ಲಿ ದಯವಿಟ್ಟು ನಿಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಪ್ರಯತ್ನಿಸಬೇಡಿ. ಲ್ಯಾಬಿನ ಅತಿ ಹಳೆಯ ಮೆಷಿನ್‌ಗೆ ಹೋಗಿ, ಮಕ್ಕಳ ಲಾಗಿನ್‌ನಲ್ಲೇ ಕೂತು ಪುಸ್ತಕದ ಒಂದು ಪ್ರಯೋಗವನ್ನು ಅಕ್ಷರಕ್ಕೆ ಅಕ್ಷರ ಮಾಡಿ. ನನಗೇನಾಯಿತು ಕೇಳಿ. ಮೆಷಿನ್ನಿನ ಐಪಿ ವಿಳಾಸ ನೋಡಲು ಪುಸ್ತಕ ಐಎಫ್‌ಕಾನ್ಫಿಗ್ ಹೊಡೆಯಿರಿ ಅಂತು. ಹೊಸದಾಗಿ ಉಬುಂಟು ಹಾಕಿದ್ದ ಮೆಷಿನ್ ಅಂಥ ಕಮಾಂಡೇ ಇಲ್ಲ ಅಂತು. ಅಲ್ಲಿ ಈಗ 'ಐಪಿ ಅಡ್ರ್' ಹೊಡೆಯಬೇಕು. ಮುಂದೆ, ಇನ್ನೊಂದು ಕಂಪ್ಯೂಟರಿಗೆ ನೇರ ಬರೆದು ಮಾತಾಡುವ ಟೆಲ್‌ನೆಟ್‌ನಿಂದ ಒಂದು ವೆಬ್‌ಸೈಟಿನ 80ನೇ ಪೋರ್ಟಿಗೆ ಹೋಗಿ ಕೈಯಾರೆ 'ಗೆಟ್' ಬರೆಯಿರಿ, ಪುಟ ಬರುತ್ತದೆ ಅಂತಿತ್ತು. ಬಂದದ್ದು 301. ಪುಟ ಎಚ್‌ಟಿಟಿಪಿಎಸ್ ವಿಳಾಸಕ್ಕೆ ಹೋಗಿದೆ, ಅಲ್ಲಿಗೆ ಹೋಗಿ ಎಂಬ ಉತ್ತರ. ಪಕ್ಕದಲ್ಲಿ ನಿಂತ ರೋಣದ ಹುಡುಗಿ ತೆರೆ ನೋಡಿ, "ಮೇಡಂ, ಮನಿ ಬದಲಿ ಮಾಡ್ಯಾರಂತ್ರಿ" ಅಂದಳು. ನನಗೆ ಅದಕ್ಕಿಂತ ಒಳ್ಳೆಯ ವಿವರಣೆ ಇವತ್ತಿಗೂ ಸಿಕ್ಕಿಲ್ಲ. ನಾನು ಪ್ರಯೋಗವನ್ನೇ ತಿರುಗಿಸಿದೆ. ಲ್ಯಾಬಿನ ಒಂದು ಮೆಷಿನ್‌ನಲ್ಲಿ ಪೈಥಾನ್‌ನ ಪುಟ್ಟ ವೆಬ್ ಸರ್ವರ್ ಅನ್ನು 8000 ಪೋರ್ಟಿನಲ್ಲಿ ಎಬ್ಬಿಸಿ, ಉಳಿದವರೆಲ್ಲ ಅದಕ್ಕೆ ಟೆಲ್‌ನೆಟ್ ಮಾಡಿದರು. 200, ಅಂದರೆ ಎಲ್ಲ ಸರಿ ಎಂಬ ಉತ್ತರ ಬಂತು. ಆ ದಿನ ಕಾಲೇಜಿನ ಇಂಟರ್ನೆಟ್ ಸತ್ತಿತ್ತು, ಆದರೂ ಪ್ರಯೋಗ ನಡೆಯಿತು. ಪುಸ್ತಕದ ಪ್ರಯೋಗಗಳಲ್ಲಿ ಎಷ್ಟನ್ನು ಹೀಗೆ ಹೊರಗಿನ ಲೈನ್ ಇಲ್ಲದೆ ಮಾಡಬಹುದು ಎಂದು ಎಣಿಸಿ. ಹೊಸ ಅಕೌಂಟ್ ತೆರೆಯಿರಿ ಎನ್ನುವ ಪ್ರಯೋಗಗಳನ್ನು ಬೇರೆ ಎಣಿಸಿ. ಅರವತ್ತು ಅಕೌಂಟ್ ತೆರೆಸುವುದರಲ್ಲೇ ಒಂದು ಪಿರಿಯಡ್ ಹೋಗುತ್ತದೆ.

ಭಾಷೆಯ ಪರೀಕ್ಷೆ ಮಕ್ಕಳಿಂದಲೇ ಮಾಡಿಸಿ. ಕನ್ನಡ ಮಾಧ್ಯಮದಿಂದ ಬಂದ ಒಬ್ಬರಿಗೆ ಒಂದು ಪುಟ ಕೊಟ್ಟು, ತಿಳಿಯದ ಪದಕ್ಕೆ ಗೆರೆ ಎಳೆ ಅನ್ನಿ. ನಾನು ಪ್ರೊಟೊಕಾಲ್, ಮಲ್ಟಿಪ್ಲೆಕ್ಸಿಂಗ್ ಇಂಥವಕ್ಕೆ ಗೆರೆ ಬೀಳುತ್ತದೆ ಎಂದುಕೊಂಡಿದ್ದೆ. ಬಿದ್ದದ್ದು 'ನಾಟ್‌ವಿತ್‌ಸ್ಟ್ಯಾಂಡಿಂಗ್', 'ಆಲ್ಬೀಟ್', 'ವಿಸ್-ಎ-ವೀ' ಇವಕ್ಕೆ. ವಿಷಯದ ಪದ ಹೇಗೂ ಕಲಿಸುತ್ತೇವೆ. ಬರೆದವರ ಡೌಲಿನ ಇಂಗ್ಲಿಷನ್ನು ಯಾರು ಕಲಿಸಬೇಕು? ತಿದ್ದಲು ಲೈಸೆನ್ಸ್ ಬಿಟ್ಟರೆ ಅಂಥ ಸಾಲುಗಳನ್ನು ಒಂದು ಭಾನುವಾರ ಕೂತು ನೀವೇ ಸುಲಭ ಮಾಡಬಹುದು.

ಓದುವುದು ಎಲ್ಲಿ ಅನ್ನುವುದನ್ನೂ ಮರೆಯಬೇಡಿ. ಗದಗಿನ ರೈಲಿನಲ್ಲಿ ಅಣ್ಣಿಗೇರಿ ಆಸುಪಾಸಿನಲ್ಲಿ ನನ್ನ ಫೋನಿನ ಸಿಗ್ನಲ್ ಹೋಗುತ್ತದೆ. ಅಲ್ಲಿ ತೆರೆದುಕೊಳ್ಳದ ಪುಸ್ತಕ ನನ್ನ ಮಕ್ಕಳಿಗೂ ಆಗಿಬರುವುದಿಲ್ಲ, ಅವರೂ ಬಸ್ಸು-ರೈಲಿನಲ್ಲೇ ಓದುವವರು. ಟಿಸಿಪಿ ಹೆಡರಿನ (ಡೇಟಾದ ಮುಂದೆ ಅಂಟಿಸುವ ಮಾಹಿತಿಯ) ಚಿತ್ರ 32 ಬಿಟ್ ಅಗಲದ್ದು, ಫೋನಿನಲ್ಲಿ ಅದು ಮುರಿದು ಬೀಳುತ್ತದಾ ನೋಡಿ. ಜೆರಾಕ್ಸ್ ಪರೀಕ್ಷೆ ಅದಕ್ಕಿಂತ ಕಠಿಣ. ಬಣ್ಣದ ಚಿತ್ರವಿರುವ ಒಂದು ಪುಟವನ್ನು ಕಪ್ಪು-ಬಿಳುಪಿನಲ್ಲಿ ತೆಗೆಸಿ. ಕೆಂಪು ಗೆರೆ ಕಳೆದುಹೋದ ಪ್ಯಾಕೆಟ್, ನೀಲಿ ಗೆರೆ ಮತ್ತೆ ಕಳಿಸಿದ ಪ್ಯಾಕೆಟ್ ಅಂತ ಪುಸ್ತಕ ಹೇಳಿದರೆ ನಮ್ಮ ಕೈಯಲ್ಲಿ ಎರಡೂ ಬೂದಿ ಬಣ್ಣ. ಗದಗ ಅಚ್ಚುಕೂಟಗಳ ಊರು, ಈ ಪಾಠ ಇಲ್ಲಿ ಯಾವ ಮುದ್ರಕರನ್ನು ಕೇಳಿದರೂ ಹೇಳುತ್ತಿದ್ದರು. ನಾನು ಒಂದು ಸೆಮಿಸ್ಟರ್ ಕಳೆದ ಮೇಲೆ ಕಲಿತೆ.

ಸಿಲೆಬಸ್ ಹೊಂದಿಸುವುದು ಅರ್ಧ ಗಂಟೆಯ ಕೆಲಸ. ಪರೀಕ್ಷೆಯಲ್ಲಿ ಓಎಸ್‌ಐ ಏಳು ಪದರ, ಅಂದರೆ ನೆಟ್‌ವರ್ಕಿನ ಕೆಲಸವನ್ನು ಏಳು ಹಂತಗಳಾಗಿ ಹೇಳುವ ಮಾದರಿ, ಬಂದೇ ಬರುತ್ತದೆ, ಎಷ್ಟೋ ಪುಸ್ತಕಗಳು ಅದನ್ನು ಒಂದು ಪ್ಯಾರಾದಲ್ಲಿ ದಾಟಿಸುತ್ತವೆ. ಅದಕ್ಕೆ ಎರಡು ಪುಟದ ನೋಟ್ಸ್ ಸಾಕು, ಪುಸ್ತಕವನ್ನೇ ಬಿಡಬೇಕಿಲ್ಲ.

ಆರಿಸಿದ ಮೇಲೆ ಅವತ್ತಿನ ಪ್ರತಿಯನ್ನು ಇಳಿಸಿ ತೆಗೆದಿಡಿ, ತಾರೀಖು ಬರೆದಿಡಿ. ಮುಕ್ತ ಪುಸ್ತಕ ಸೆಮಿಸ್ಟರಿನ ನಡುವೆಯೇ ಬದಲಾಗುತ್ತದೆ. ಅರ್ಧ ಕ್ಲಾಸಿನಲ್ಲಿ ಹಳೆಯದು, ಅರ್ಧ ಕ್ಲಾಸಿನಲ್ಲಿ ಹೊಸದು ಅಂತಾದರೆ ಪುಟದ ನಂಬರ್ ಹೇಳುವುದೂ ಕಷ್ಟ. ನಮ್ಮ ಲ್ಯಾಬಿನ ಬಾಗಿಲ ಹಿಂದೆ ಈಗ ಒಂದು ಚೀಟಿ ಅಂಟಿಸಿದ್ದೇನೆ: ಯಾವ ಆವೃತ್ತಿ, ಯಾವ ದಿನ ಇಳಿಸಿದ್ದು, ಲೈಸೆನ್ಸ್ ಏನು. ಅದರ ಕೆಳಗೆ ಮಕ್ಕಳು ತಪ್ಪು ಬರೆಯಲು ಖಾಲಿ ಜಾಗ. ಈ ಸಲ ಅಲ್ಲಿ ಐದು ಸಾಲು ತುಂಬಿದ್ದವು. ಎರಡು ನಿಜವಾದ ತಪ್ಪುಗಳು, ಎರಡು ಅವರಿಗೆ ಅರ್ಥವಾಗದ್ದು. ಐದನೆಯದು ನನ್ನ ನೋಟ್ಸಿನದು, ಸಬ್‌ನೆಟ್ (ನೆಟ್‌ವರ್ಕಿನ ಒಂದು ತುಂಡು) ಲೆಕ್ಕದಲ್ಲಿ, 64 ವಿಳಾಸಗಳ /26 ತುಂಡಿನಲ್ಲಿ ಮೆಷಿನ್‌ಗಳಿಗೆ ಸಿಗದ ಮೊದಲ ಮತ್ತು ಕೊನೆಯ ವಿಳಾಸ ಕಳೆಯಲು ಮರೆತು, 62ರ ಬದಲು 64 ಹೋಸ್ಟ್ ಅಂತ ಬರೆದುಬಿಟ್ಟಿದ್ದೆ.