ಮಾರ್ಚ್ ಚಳಿಯಲ್ಲಿ ಡ್ರೈ ಫ್ಲೈ: ಸ್ಪ್ರಿಂಗ್ ಕ್ರೀಕ್‌ನ ನನ್ನ ಅನುಭವ

ಮೇ ತಿಂಗಳ ಸಲ್ಫರ್ ಎಂಬ ಹಳದಿ ಹುಳು ಏಳುವ ತನಕ ಡ್ರೈ ಫ್ಲೈ (ನೀರಿನ ಮೇಲೆ ತೇಲುವಂತೆ ಹುಳುವಿನ ರೂಪದಲ್ಲಿ ಕಟ್ಟಿದ ಕೊಕ್ಕೆ) ಡಬ್ಬಿ ತೆಗೆಯುವುದೇ ದಂಡ ಎಂದು ಬೆಲ್‌ಫಾಂಟ್ ಸುತ್ತಮುತ್ತಲಿನ ಹಳಬರು ಹೇಳುತ್ತಲೇ ಬಂದರು. ಮಾರ್ಚ್‌ನಲ್ಲಿ ಟ್ರೌಟ್ ತಳ ಬಿಟ್ಟು ಏಳುವುದಿಲ್ಲ, ನಿಂಫ್ (ನೀರಿನೊಳಗೆ ಮುಳುಗುವ ಮರಿಹುಳುವಿನ ರೂಪದ ಕೊಕ್ಕೆ) ಇಳಿಸಿ ಎನ್ನುವುದು ಅವರೆಲ್ಲರ ಸಲಹೆ. ಈ ಸಲ ಮಾರ್ಚ್ ಮೂರನೇ ವಾರದಿಂದಲೇ ಪೆನ್ಸಿಲ್ವೇನಿಯಾದ ಸ್ಪ್ರಿಂಗ್ ಕ್ರೀಕ್‌ನಲ್ಲಿ ಬರೀ ಡ್ರೈ ಫ್ಲೈಯಿಂದ ಬ್ರೌನ್ ಟ್ರೌಟ್ ಹಿಡಿದಿದ್ದೇನೆ. ದಿನ ಒದಗಿ ಬಂದರೆ ಮಧ್ಯಾಹ್ನವೊಂದಕ್ಕೆ ಎಂಟು ಹತ್ತು ಮೀನು, ದೊಡ್ಡದು ಹದಿನಾಲ್ಕು ಇಂಚಿನ ಆಸುಪಾಸು. ಈ ಹೊಳೆಯಲ್ಲಿ ಹಿಡಿದದ್ದನ್ನು ಬಿಡಲೇಬೇಕಾದ್ದರಿಂದ ಅಳತೆಯೆಲ್ಲ ಗೇಣಿನ ಲೆಕ್ಕ.

ಹಿಂದಿನ ಎರಡು ವಸಂತಗಳು ಬರಿಗೈಯಲ್ಲೇ ಕಳೆದವು. ಅಂಗಡಿಯ ಫ್ಲೈಗಳಿಗೇ ಸುಮಾರು 150 ಡಾಲರ್ ಹೋಯಿತು. ಒಂದೊಂದಕ್ಕೂ ಮೂರು ಡಾಲರ್ ಮೇಲೆ. ಮೀನು ಏಳದೆ ಇದ್ದದ್ದಲ್ಲ. ಏಳುತ್ತಿತ್ತು, ಫ್ಲೈಗೆ ಮೂತಿ ತಾಗುವಷ್ಟು ಹತ್ತಿರ ಬಂದು, ಒಂದು ಗೇಣು ದೂರ ಅದರ ಜೊತೆಗೇ ತೇಲಿ, ಬಾಯಿ ತೆರೆಯದೆ ಕೆಳಗಿಳಿಯುತ್ತಿತ್ತು. ದಡದಲ್ಲಿ ಮಂಡಿಯೂರಿ ನೀರಿನ ಮೇಲಿನ ನಿಜವಾದ ಬ್ಲೂ ವಿಂಗ್ಡ್ ಆಲಿವ್ ಹುಳುಗಳನ್ನು ನೋಡಿದಾಗ ಕಾರಣ ಕಂಡಿತು. ಚಳಿಗೆ ಅವು ಬೇಗ ಪೊರೆ ಕಳಚಲಾರವು. ಅರ್ಧ ದೇಹ ನೀರಿನೊಳಗೆ, ರೆಕ್ಕೆ ಮಾತ್ರ ಹೊರಗೆ. ನನ್ನ ಫ್ಲೈಗಳೋ ಹ್ಯಾಕಲ್‌ನ (ಕೊಕ್ಕೆಗೆ ಸುತ್ತಿದ ಕೋಳಿ ಗರಿಯ) ತುದಿಯ ಮೇಲೆ ನೀರಿಗೆ ತಾಗದಂತೆ ನಿಂತಿರುತ್ತಿದ್ದವು.

ಆಮೇಲೆ ನಾನೇ ಕಟ್ಟತೊಡಗಿದೆ. ಕಟ್ಟುವಾಗ ಕೊಕ್ಕೆ ಹಿಡಿದಿಡುವ ವೈಸ್‌ಗೆ 200 ಡಾಲರ್ ತೆತ್ತೆ. ಈಗ ಒಂದು ಫ್ಲೈ ಐವತ್ತು ಸೆಂಟ್ ಒಳಗೆ ಮುಗಿಯುತ್ತದೆ. ಕೊಕ್ಕೆಯ ಅಳತೆ 18, ಏಪ್ರಿಲ್ ಹೊತ್ತಿಗೆ ಇನ್ನೂ ಸಣ್ಣ 20. ಹ್ಯಾಕಲ್ ಬೇಡವೇ ಬೇಡ, ರೆಕ್ಕೆಗೆ ಸಿಡಿಸಿ ಗರಿ (ಬಾತುಕೋಳಿಯ ಬಾಲದ ಬುಡದ ಮೆದು ಗರಿ), ಬಾಲಕ್ಕೆ ಕಳಚುತ್ತಿರುವ ಪೊರೆಯಂತೆ ಕಂದು ನೂಲಿನ ಎಳೆ. ಮೈಯ ಬಣ್ಣಕ್ಕೆ ಬೆರೆಸುವ ಎರಡು ನೂಲು ಯಾವುವೆಂದು ಸದ್ಯಕ್ಕೆ ಹೇಳುವುದಿಲ್ಲ.

ಫ್ಲೈ ತೇಲಲೆಂದು ಸಿಡಿಸಿಗೆ ಜೆಲ್ ಹಚ್ಚಿದರೆ ಗರಿ ಮುದ್ದೆಯಾಗುತ್ತದೆ. ಒಣಗಿಸುವ ಪುಡಿಯ ಬೆಲೆ ಕಂಡು, ಶೂ ಡಬ್ಬಿಯಲ್ಲಿ ಬರುವ ಬಿಳಿ ಸಿಲಿಕಾ ಹರಳುಗಳನ್ನು ಕುಟ್ಟಿ ಡಬ್ಬಿಗೆ ತುಂಬಿ ನೋಡಿದೆ. ತೇವ ಹೀರುತ್ತದೆ, ಆದರೆ ನಿಧಾನ; ಎರಡು ಮೀನಿನ ನಡುವೆ ಕಾಯುವ ತಾಳ್ಮೆ ಬೇಕು. ಕೊನೆಗೆ ಅಂಗಡಿಯ ಪುಡಿಗೇ ಮರಳಿದೆ.

ಬಿಸಿಲಿದ್ದರೆ ನಾನು ಹೊಳೆಗೆ ಹೋಗುವುದಿಲ್ಲ. ಮೋಡ ಕವಿದು ಜಿನುಗುವ ದಿನ, ಒಂದರಿಂದ ನಾಲ್ಕು ಗಂಟೆ, ನೀರು 46 ಡಿಗ್ರಿ ಫ್ಯಾರನ್‌ಹೀಟ್ ದಾಟಿರಬೇಕು. ಸುಣ್ಣಕಲ್ಲಿನ ಊಟೆಗಳ ಹೊಳೆಯಾದ್ದರಿಂದ ಇಲ್ಲಿ ಅದು ಬೇಗ ದಾಟುತ್ತದೆ. ಸೆಳವಿನ ಅಂಚಿನ ನಿಧಾನ ನೀರಿನಲ್ಲಿ ಉಂಗುರ ಏಳುವವರೆಗೆ ಗಾಳ ಬೀಸುವುದಿಲ್ಲ. ಫಿಷರ್‌ಮನ್ಸ್ ಪ್ಯಾರಡೈಸ್ ಭಾಗದಲ್ಲಿ ನೀರಿಗಿಳಿಯುವಂತಿಲ್ಲ, ಅದು ನನಗೆ ಅನುಕೂಲವೇ ಆಯಿತು: ಮೀನಿನ ಮೇಲ್ಬದಿಗೆ ದಡದಲ್ಲೇ ಕುಳಿತು, ಲೈನಿನ ತುದಿಯ ಹನ್ನೆರಡು ಅಡಿ ತೆಳು ದಾರಕ್ಕೆ (ಲೀಡರ್) 6ಎಕ್ಸ್ ಅಳತೆಯ ಇನ್ನೂ ತೆಳು ಎಳೆ (ಟಿಪ್ಪೆಟ್) ಕಟ್ಟಿ, ಲೈನಿಗಿಂತ ಮೊದಲು ಫ್ಲೈ ಮೀನಿನ ಕಣ್ಣಿಗೆ ಬೀಳುವಂತೆ ಕೆಳಮುಖವಾಗಿ ಹರಿಯಬಿಡುತ್ತೇನೆ.

ಇದೇ ಕಟ್ಟನ್ನು ಹಳದಿ ನೂಲಿನಲ್ಲಿ, 16ರ ಕೊಕ್ಕೆಗೆ ಸಲ್ಫರ್‌ಗಾಗಿ ಕಟ್ಟಿಟ್ಟಿದ್ದೇನೆ. ಮೇ ತಿಂಗಳಲ್ಲಿ ಇಳಿಸಿ ನೋಡಬೇಕು.